ದಪ್ಪ, ದುಂಡು ಫಾಂಟ್ ‘ಬಾಲೂ ತಮ್ಮ’: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಸ್ಟರ್, ಮುಖಪುಟ, ಜಾಲತಾಣ, ಬೋರ್ಡು ಮಾಡುವವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳು ಇಲ್ಲಿವೆ. ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರು ಮೊದಲಿನಿಂದ ಓದಬಹುದು. ಫಾಂಟ್ ಈಗಾಗಲೇ ಕಂಪ್ಯೂಟರಿನಲ್ಲಿದ್ದು ಒತ್ತಕ್ಷರ ಕೈಕೊಟ್ಟಿದ್ದರೆ ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

## ಪರಿಚಯ

ಬಾಲೂ ತಮ್ಮ ಎಂದರೆ ಯಾವ ಫಾಂಟ್? ನಾನು ಎಲ್ಲಾದರೂ ನೋಡಿರುತ್ತೇನೆಯೇ?

ಬಹುಶಃ ನೋಡಿರುತ್ತೀರಿ, ಹೆಸರು ಗೊತ್ತಿರುವುದಿಲ್ಲ ಅಷ್ಟೆ. ಮುಂಬೈಯ ‘ಏಕ್ ಟೈಪ್’ ಎಂಬ ಅಕ್ಷರ ವಿನ್ಯಾಸಕರ ಬಳಗ ರೂಪಿಸಿದ ‘ಬಾಲೂ’ ಕುಟುಂಬದ ಕನ್ನಡ ಫಾಂಟ್ ಇದು. ದೇವನಾಗರಿ, ಗುಜರಾತಿ, ಗುರುಮುಖಿ, ಬಂಗಾಳಿ, ಒಡಿಯಾ, ತಮಿಳು, ತೆಲುಗು, ಮಲಯಾಳಂ ಲಿಪಿಗಳಿಗೂ ಇದೇ ಮೈಕಟ್ಟಿನ ಫಾಂಟ್‌ಗಳಿವೆ. ಕನ್ನಡವೂ ಉರ್ದುವೂ ಸೇರಿ ಹತ್ತು. ಪ್ರತಿಯೊಂದರ ಒಳಗೂ ಇಂಗ್ಲಿಷ್ ಅಕ್ಷರಗಳನ್ನು ಜೊತೆಗೇ ಕೊಟ್ಟಿದ್ದಾರೆ. ದಪ್ಪ ಗೆರೆ, ಮೃದುವಾದ ತುದಿ, ಅಕ್ಷರದ ಹೊಟ್ಟೆಯೊಳಗೆ ಚಿಕ್ಕ ಬಿಳಿ ಜಾಗ: ಈ ಮೂರು ಕಂಡರೆ ಇದೇ ಇರಬೇಕೆಂದು ಊಹಿಸಬಹುದು. ಗೂಗಲ್ ಫಾಂಟ್ಸ್ ತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಾಗಾಗಿಯೇ ಇದು ಎಲ್ಲೆಂದರಲ್ಲಿ ಕಾಣುತ್ತದೆ, ಕೆಲವೊಮ್ಮೆ ಕಾಣಬಾರದ ಕಡೆಯೂ.

ಇದನ್ನು ‘ಡಿಸ್‌ಪ್ಲೇ ಫಾಂಟ್’ ಎನ್ನುತ್ತಾರಲ್ಲ, ಸಾಮಾನ್ಯ ಫಾಂಟಿಗೂ ಇದಕ್ಕೂ ಏನು ವ್ಯತ್ಯಾಸ?

ಪುಸ್ತಕದ ಒಳಪುಟದ ಫಾಂಟ್ ಓದುಗನ ಗಮನಕ್ಕೇ ಬಾರದಂತೆ ಇರಬೇಕು. ಡಿಸ್‌ಪ್ಲೇ ಫಾಂಟಿನ ಕೆಲಸ ಇದಕ್ಕೆ ವಿರುದ್ಧ: ದೂರದಿಂದ ಕಣ್ಣನ್ನು ಹಿಡಿದು ನಿಲ್ಲಿಸಿ, ನಾಲ್ಕು ಪದ ಓದಿಸಿ ಕಳುಹಿಸುವುದು. ಅದಕ್ಕಾಗಿ ವಿನ್ಯಾಸಕರು ಗೆರೆಯನ್ನು ದಪ್ಪ ಮಾಡುತ್ತಾರೆ, ಅಕ್ಷರಗಳನ್ನು ಹತ್ತಿರ ತರುತ್ತಾರೆ, ಒಳಗಿನ ಬಿಳಿಯನ್ನು ಕುಗ್ಗಿಸುತ್ತಾರೆ. ದೊಡ್ಡ ಗಾತ್ರದಲ್ಲಿ ಇವೆಲ್ಲ ಚೆಂದ. ಇದೇ ಗುಣಗಳು ಸಣ್ಣ ಗಾತ್ರದಲ್ಲಿ ದೋಷಗಳಾಗುತ್ತವೆ. ಮುಂದಿನ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಈ ಒಂದು ಸಂಗತಿಯ ಸುತ್ತಲೇ ಇವೆ.

ಕನ್ನಡ ಅಕ್ಷರಗಳೇ ದುಂಡಗಿವೆ. ಅದರಲ್ಲಿ ಮತ್ತೆ ‘ದುಂಡು ಫಾಂಟ್’ ಎಂದರೇನು?

ಒಳ್ಳೆಯ ಪ್ರಶ್ನೆ. ಇಲ್ಲಿ ದುಂಡುತನ ಎರಡು ಬಗೆಯದು. ಒಂದು, ಅಕ್ಷರದ ಆಕಾರದ್ದು. ರ, ಠ, ದ, ಥ ಇವೆಲ್ಲ ಯಾವ ಫಾಂಟಿನಲ್ಲಿ ಬರೆದರೂ ದುಂಡಗೇ ಇರುತ್ತವೆ. ಇನ್ನೊಂದು, ಗೆರೆಯ ತುದಿಯದು. ‘ಕ’ದ ತಲೆಕಟ್ಟು ಬಲಗಡೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ದೊಡ್ಡದು ಮಾಡಿ ನೋಡಿ. ಕೆಲವು ಫಾಂಟ್‌ಗಳಲ್ಲಿ ಅದು ಬ್ಲೇಡಿನಿಂದ ಕತ್ತರಿಸಿದಂತೆ ನೇರವಾಗಿರುತ್ತದೆ. ದುಂಡು ಫಾಂಟಿನಲ್ಲಿ ಆ ಮೂಲೆಗಳನ್ನು ಸವರಿರುತ್ತಾರೆ.

ಇಂಗ್ಲಿಷಿನ ಈ, ಎಫ್, ಟಿ ಅಕ್ಷರಗಳಲ್ಲಿ ನೇರ ತುದಿಗಳು ಹೆಚ್ಚು. ಅವುಗಳನ್ನು ದುಂಡು ಮಾಡಿದ ಕೂಡಲೇ ಅಕ್ಷರದ ಮುಖಭಾವವೇ ಬದಲಾಗುತ್ತದೆ. ಕನ್ನಡದಲ್ಲಿ ಬಿಡಿ ತುದಿಗಳು ಕಡಿಮೆ, ಬಾಗು ಹೆಚ್ಚು. ತುದಿ ಸವರಿದ್ದರಿಂದ ಆಗುವ ಬದಲಾವಣೆ ಅಷ್ಟೇನೂ ದೊಡ್ಡದಲ್ಲ. ‘ದುಂಡಗಿದೆ, ಮುದ್ದಾಗಿದೆ’ ಎಂದು ಬಾಲೂ ತಮ್ಮವನ್ನು ಆರಿಸಿಕೊಳ್ಳುವವರಿಗೆ ನಿಜವಾಗಿ ಹಿಡಿಸಿರುವುದು ಅದರ ದಪ್ಪ ಎಂಬುದು ನನ್ನ ಅನಿಸಿಕೆ. ಇದು ಮನಸ್ಸಿನಲ್ಲಿದ್ದರೆ ಕನ್ನಡದ ಕೆಲಸದಲ್ಲಿ ಅರ್ಧ ಗೊಂದಲ ಕಡಿಮೆಯಾಗುತ್ತದೆ, ಏಕೆಂದರೆ ನೀವು ಸಂಭಾಳಿಸಬೇಕಾದದ್ದು ದುಂಡುತನವನ್ನಲ್ಲ, ತೂಕವನ್ನು, ಅಂದರೆ ಗೆರೆಯ ದಪ್ಪವನ್ನು.

ಉಚಿತ ಎನ್ನುತ್ತಾರೆ. ಹಣ ತೆಗೆದುಕೊಂಡು ಮಾಡುವ ಕೆಲಸಕ್ಕೂ ಬಳಸಬಹುದೇ?

ಬಳಸಬಹುದು. ಇದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿದೆ. ಪುಸ್ತಕ, ಜಾಹೀರಾತು, ಪೊಟ್ಟಣ, ಮೊಬೈಲ್ ಆ್ಯಪ್, ಲೋಗೊ ಯಾವುದಕ್ಕೂ ಅಡ್ಡಿಯಿಲ್ಲ. ಅನುಮತಿ ಕೇಳಬೇಕಾಗಿಲ್ಲ, ವಿನ್ಯಾಸಕರ ಹೆಸರನ್ನು ಅಚ್ಚು ಹಾಕಲೇಬೇಕು ಎಂಬ ಕಟ್ಟುಪಾಡೂ ಇಲ್ಲ. ನೀವು ಮಾಡಿದ ಪೋಸ್ಟರ್ ಅಥವಾ ಪುಸ್ತಕಕ್ಕೆ ಆ ಲೈಸೆನ್ಸ್ ಅಂಟಿಕೊಳ್ಳುವುದಿಲ್ಲ. ಮಾಡಬಾರದ್ದು ಒಂದು: ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವುದು.

ಬಾಲೂ ತಮ್ಮ, ಬಾಲೂ ತಮ್ಮ 2 ಎಂದು ಎರಡು ಸಿಗುತ್ತಿವೆ. ಯಾವುದನ್ನು ಇಳಿಸಿಕೊಳ್ಳಲಿ?

ಹೊಸ ಕೆಲಸಕ್ಕೆ 2. ಮೊದಲನೆಯದರಲ್ಲಿ ಇದ್ದದ್ದು ಒಂದೇ ತೂಕ, ಅದೂ ಭಾರಿ ದಪ್ಪ. ಎರಡನೆಯದರಲ್ಲಿ ರೆಗ್ಯುಲರ್, ಮೀಡಿಯಂ, ಸೆಮಿಬೋಲ್ಡ್, ಬೋಲ್ಡ್, ಎಕ್ಸ್‌ಟ್ರಾಬೋಲ್ಡ್ ಎಂದು ಐದು ತೂಕಗಳಿವೆ. ಹಳೆಯ ಕಡತಗಳಲ್ಲಿ ಮೊದಲನೆಯದನ್ನು ಬಳಸಿದ್ದರೆ ಅದನ್ನು ಅಳಿಸಬೇಡಿ. ಹೆಸರು ಬೇರೆಯಾದ್ದರಿಂದ ಎರಡೂ ಕಂಪ್ಯೂಟರಿನಲ್ಲಿ ಒಟ್ಟಿಗೆ ಇರಬಹುದು. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಸಾಲುಗಳು ಬೇರೆ ಕಡೆ ಮುರಿಯುವ ಸಾಧ್ಯತೆ ಇದೆ.

## ಎಲ್ಲಿ ಬಳಸಬೇಕು, ಎಲ್ಲಿ ಬೇಡ

ಯಾವ ಕೆಲಸಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ?

ಪದ ಕಡಿಮೆ, ಗಾತ್ರ ದೊಡ್ಡದು, ದನಿ ಸ್ನೇಹದ್ದು: ಈ ಮೂರೂ ಕೂಡಿದ ಕಡೆ ಕಣ್ಣುಮುಚ್ಚಿ ಬಳಸಬಹುದು. ಮಕ್ಕಳ ಪುಸ್ತಕದ ಮುಖಪುಟ, ಶಿಬಿರದ ಪೋಸ್ಟರ್, ಆಟಿಕೆಯ ಪೆಟ್ಟಿಗೆ, ವಿಡಿಯೊದ ಮುಖಚಿತ್ರ, ಆಟದ ಆ್ಯಪ್‌ನ ಬಟನ್, ತರಗತಿಯ ಗೋಡೆಗೆ ಅಂಟಿಸುವ ಅಕ್ಷರಮಾಲೆ. ವಿಡಿಯೊದ ಮುಖಚಿತ್ರವನ್ನು ಬೇಕೆಂದೇ ಹೇಳುತ್ತಿದ್ದೇನೆ. ಮೊಬೈಲಿನಲ್ಲಿ ಅದು ಹೆಬ್ಬೆರಳಿನಷ್ಟೇ ಕಾಣುತ್ತದೆ, ಹಿಂದೆ ಗಜಿಬಿಜಿ ಚಿತ್ರ ಬೇರೆ. ಅಲ್ಲಿ ತೆಳ್ಳಗಿನ ಅಕ್ಷರ ಕರಗಿಹೋಗುತ್ತದೆ, ಇದು ನಿಲ್ಲುತ್ತದೆ. ಎರಡೋ ಮೂರೋ ಪದ ಹಾಕಿ ಸುಮ್ಮನಾಗಬೇಕು. ಪೂರ್ತಿ ವಾಕ್ಯ ತುಂಬಿದರೆ ಯಾವ ಫಾಂಟೂ ಕಾಪಾಡುವುದಿಲ್ಲ.

ಪ್ರಶ್ನೆ, ಉದ್ಗಾರ, ಸಂಖ್ಯೆ ಇರುವ ಶೀರ್ಷಿಕೆಗಳೂ ಇದರಲ್ಲಿ ಚೆನ್ನಾಗಿ ಕಾಣುತ್ತವೆ. ದೊಡ್ಡದಾಗಿ ‘10’ ಎಂದು ಹಾಕಿ ಕೆಳಗೆ ಸಣ್ಣ ವಿವರ ಕೊಡುವ ಬಗೆಯ ವಿನ್ಯಾಸಕ್ಕೆ ಇದು ಹೇಳಿಮಾಡಿಸಿದಂತಿದೆ.

ಮಕ್ಕಳಿಗೆ ಇಷ್ಟವಾಗುತ್ತದೆ ಎಂದಮೇಲೆ, ಮಕ್ಕಳ ಪುಸ್ತಕದ ಕಥೆಯನ್ನು ಪೂರ್ತಿ ಇದರಲ್ಲೇ ಹಾಕಬಹುದಲ್ಲವೇ?

ಬೇಡ. ಮುಖಪುಟಕ್ಕೆ ಸರಿ, ಅಧ್ಯಾಯದ ತಲೆಬರಹಕ್ಕೂ ಸರಿ. ಆದರೆ ಓದಲು ಕಲಿಯುತ್ತಿರುವ ಮಗು ಅಕ್ಷರಗಳ ಸಣ್ಣ ಸಣ್ಣ ವ್ಯತ್ಯಾಸವನ್ನೇ ಹಿಡಿದು ಓದುತ್ತದೆ. ನಾವು ದೊಡ್ಡವರು ‘ಧನ’ವನ್ನು ಪದದ ಒಟ್ಟು ಆಕಾರದಿಂದ, ವಾಕ್ಯದ ಅರ್ಥದಿಂದ ಗುರುತಿಸುತ್ತೇವೆ. ಮಗು ಹೊಟ್ಟೆ ಸೀಳಿದೆಯೋ ಇಲ್ಲವೋ ಎಂದು ನೋಡುತ್ತದೆ. ಆ ಸೀಳೇ ದಪ್ಪದಲ್ಲಿ ಮುಚ್ಚಿಹೋದರೆ ಧನ ದನವಾಗುತ್ತದೆ, ತಪ್ಪು ಮಗುವಿನದಾಗುತ್ತದೆ.

ಪುಟಕ್ಕೆ ಒಂದೇ ಸಾಲು ಇರುವ ಚಿತ್ರಪುಸ್ತಕವಾದರೆ ಬಾಲೂ ತಮ್ಮ 2ರ ರೆಗ್ಯುಲರ್ ತೂಕವನ್ನು 24 ಪಾಯಿಂಟ್ ಅಥವಾ ಅದಕ್ಕಿಂತ ದೊಡ್ಡದಾಗಿ ಹಾಕಿ ನೋಡಬಹುದು. ಅದಕ್ಕಿಂತ ಹೆಚ್ಚು ಪಠ್ಯವಿದ್ದರೆ ಒಳಗಿನ ಬಿಳಿ ಅಗಲವಾಗಿರುವ, ಸರಳ ಗೆರೆಯ ಬೇರೆ ಫಾಂಟ್ ಆರಿಸಿಕೊಳ್ಳಿ.

ಎಲ್ಲಿ ಬಳಸಲೇಬಾರದು?

ಶ್ರದ್ಧಾಂಜಲಿ, ವೈದ್ಯಕೀಯ ಸೂಚನೆ, ಕಾನೂನು ನೋಟಿಸು, ಅಪಾಯದ ಎಚ್ಚರಿಕೆ, ಕ್ಷಮಾಪಣೆ. ಓದುವವರ ಮನಸ್ಸು ಭಾರವಾಗಿರುವಾಗ ಅಕ್ಷರ ನಗುತ್ತಿರಬಾರದು. ‘ವಿದ್ಯುತ್ ಅಪಾಯ’ ಎಂಬುದನ್ನು ದುಂಡು ದಪ್ಪ ಅಕ್ಷರದಲ್ಲಿ ಬರೆದರೆ ಕಾಣುವುದೇನೋ ಚೆನ್ನಾಗಿಯೇ ಕಾಣುತ್ತದೆ, ಆದರೆ ಯಾರೂ ಹೆದರುವುದಿಲ್ಲ. ಅಡಿಟಿಪ್ಪಣಿ, ಕೋಷ್ಟಕ, ಅರ್ಜಿ ನಮೂನೆ, ವಿಡಿಯೊದ ಉಪಶೀರ್ಷಿಕೆಗಳಿಗೂ ಇದು ಬೇಡ. ಅಲ್ಲಿ ಅಡ್ಡಿಯಾಗುವುದು ಭಾವವಲ್ಲ, ಗಾತ್ರ.

ದುಂಡು ಅಕ್ಷರ ಹಾಕಿದರೆ ಸಂಸ್ಥೆಗೆ ಗಾಂಭೀರ್ಯವಿಲ್ಲ ಎಂದು ಜನ ತಿಳಿಯುವುದಿಲ್ಲವೇ?

ದುಂಡುತನವೊಂದೇ ಗಾಂಭೀರ್ಯವನ್ನು ಕಳೆಯುವುದಿಲ್ಲ. 1970ರ ದಶಕದ ಕೊನೆಯಲ್ಲಿ ಫೋಕ್ಸ್‌ವ್ಯಾಗನ್ ಎಂಬ ಕಾರು ಕಂಪನಿಗಾಗಿಯೇ ತಯಾರಾದ ‘ವಿಎಜಿ ರೌಂಡೆಡ್’ ಪೂರ್ತಿ ದುಂಡು ತುದಿಯ ಫಾಂಟ್. ಮುಂದೆ ಆ್ಯಪಲ್ ತನ್ನ ಲ್ಯಾಪ್‌ಟಾಪ್‌ಗಳ ಕೀಲಿಮಣೆಯ ಮೇಲೆ ವರ್ಷಗಟ್ಟಲೆ ಅದನ್ನೇ ಬಳಸಿತು. ಅದನ್ನು ನೋಡಿ ಯಾರೂ ಮಕ್ಕಳಾಟ ಎನ್ನಲಿಲ್ಲ. ಗೆರೆಯ ದಪ್ಪ ಹದವಾಗಿತ್ತು, ಜೋಡಣೆ ಶಿಸ್ತಾಗಿತ್ತು.

ದಪ್ಪವೂ ದುಂಡುತನವೂ ಒಟ್ಟಿಗೆ ಸೇರಿದಾಗ ಮಾತು ಬೇರೆ. 1922ರಲ್ಲಿ ಅಮೆರಿಕದಲ್ಲಿ ಬಂದ ‘ಕೂಪರ್ ಬ್ಲ್ಯಾಕ್’ ಈ ಜಾತಿಯ ಹಿರಿಯ. ಆಸ್ವಾಲ್ಡ್ ಕೂಪರ್ ಎಂಬ ವಿನ್ಯಾಸಕ ಬರೆದ ಆ ಅಕ್ಷರ ಜಾಹೀರಾತು ಲೋಕವನ್ನು ಆಳಿತು. ಅರ್ಧ ಶತಮಾನದ ಬಳಿಕ ಮತ್ತೊಮ್ಮೆ ಫ್ಯಾಷನ್ ಆಗಿ ಬಂದು ಅತಿಯಾಗಿ ಬಳಕೆಯಾಯಿತು. ಇವತ್ತಿಗೂ ಅದನ್ನು ಕಂಡರೆ ಜನಕ್ಕೆ 1970ರ ದಶಕವೇ ನೆನಪಾಗುತ್ತದೆ. ಬಾಲೂ ತಮ್ಮಕ್ಕೂ ಈ ಅಪಾಯ ಇದೆ. ಉಚಿತವಾಗಿ ಸಿಗುವ, ಕಣ್ಣಿಗೆ ಹೊಡೆಯುವ ಕನ್ನಡ ಫಾಂಟ್‌ಗಳ ಸಂಖ್ಯೆ ಚಿಕ್ಕದಾದ್ದರಿಂದ ಎಲ್ಲರೂ ಇದನ್ನೇ ಎತ್ತಿಕೊಳ್ಳುತ್ತಾರೆ. ನಿಮ್ಮ ಸಂಸ್ಥೆಗೆ ಗಂಭೀರವಾದ ಆದರೆ ಬಿಗುಮಾನವಿಲ್ಲದ ಮುಖ ಬೇಕಿದ್ದರೆ ಎಕ್ಸ್‌ಟ್ರಾಬೋಲ್ಡ್ ಬಿಟ್ಟು ಮೀಡಿಯಂ ತೂಕ ಪ್ರಯತ್ನಿಸಿ. ಅದು ಬೇರೆಯೇ ಫಾಂಟಿನಂತೆ ಕಾಣುತ್ತದೆ.

ಎಷ್ಟು ಪಾಯಿಂಟ್‌ಗಿಂತ ಕೆಳಗೆ ಇಳಿಸಬಾರದು?

ಪಾಯಿಂಟಿನ ಲೆಕ್ಕ ಕೊಡುವ ಮೊದಲು ಒಂದು ಪರೀಕ್ಷೆ ಹೇಳುತ್ತೇನೆ. ‘ಮರ, ಮಠ, ದನ, ಧನ’ ಎಂದು ಒಂದು ಸಾಲು ಬರೆಯಿರಿ. ಮರಕ್ಕೂ ಮಠಕ್ಕೂ ಇರುವ ವ್ಯತ್ಯಾಸ ಒಂದು ಚುಕ್ಕೆ. ದನಕ್ಕೂ ಧನಕ್ಕೂ ಇರುವ ವ್ಯತ್ಯಾಸ ಒಂದು ಸೀಳು. ಈ ಸಾಲನ್ನು ನಿಮ್ಮ ಗಾತ್ರದಲ್ಲಿ, ನಿಮ್ಮ ಕಾಗದದ ಮೇಲೆ ಅಚ್ಚು ಹಾಕಿ, ಓದುಗ ಹಿಡಿಯುವಷ್ಟು ದೂರದಲ್ಲಿ ಹಿಡಿಯಿರಿ. ಚುಕ್ಕೆಯ ಸುತ್ತ ಬಿಳಿ ಉಳಿದಿದ್ದರೆ, ಸೀಳು ತೆರೆದಿದ್ದರೆ ಆ ಗಾತ್ರ ಸರಿ. ‘ಠ’ದ ಹೊಟ್ಟೆ ಪೂರ್ತಿ ಕಪ್ಪಾಗಿದ್ದರೆ ಗಾತ್ರ ಹೆಚ್ಚಿಸಬೇಕು ಅಥವಾ ತೂಕ ಇಳಿಸಬೇಕು.

ಅಂದಾಜು ಬೇಕೆಂದರೆ, ಅತಿ ದಪ್ಪ ತೂಕವನ್ನು ಮುದ್ರಣದಲ್ಲಿ 18 ಪಾಯಿಂಟ್‌ಗಿಂತ ಕೆಳಗೆ, ಪರದೆಯ ಮೇಲೆ 24 ಪಿಕ್ಸೆಲ್‌ಗಿಂತ ಕೆಳಗೆ ನಾನು ಬಳಸುವುದಿಲ್ಲ. ರೆಗ್ಯುಲರ್ ತೂಕವಾದರೆ 12 ಪಾಯಿಂಟಿನವರೆಗೂ ಇಳಿಯಬಹುದು. ಪತ್ರಿಕೆಯ ಕಾಗದದಂತೆ ಶಾಯಿ ಹೀರಿ ಹರಡುವ ಕಾಗದವಾದರೆ ಇನ್ನೆರಡು ಪಾಯಿಂಟ್ ಸೇರಿಸಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವನ್ನು ಅಚ್ಚು ಹಾಕುವಾಗ ಸಮಸ್ಯೆ ತಿರುಗುಮುರುಗಾಗುತ್ತದೆ. ಶಾಯಿ ಅಕ್ಷರದ ಒಳಕ್ಕೆ ಹರಿದು ಬಿಳಿ ಗೆರೆಯನ್ನು ಸಣ್ಣದಾಗಿಸುತ್ತದೆ. ಅಲ್ಲಿ ದಪ್ಪ ತೂಕವೇ ಅನುಕೂಲ, ಆದರೆ ಒಳಗಿನ ಚುಕ್ಕೆಯ ಕಡೆ ಕಣ್ಣಿಡಬೇಕು.

ಇದರಲ್ಲಿ ಲೋಗೊ ಮಾಡಬಹುದೇ?

ಮಾಡಬಹುದು, ಲೈಸೆನ್ಸಿನ ತೊಡಕಿಲ್ಲ. ಹೆಸರನ್ನು ಹಾಗೆಯೇ ಟೈಪ್ ಮಾಡಿ ಲೋಗೊ ಎಂದು ಕೊಟ್ಟರೆ ನಾಳೆ ಪಕ್ಕದವರೂ ಅದನ್ನೇ ಮಾಡುತ್ತಾರೆ ಎಂಬುದೊಂದೇ ತೊಂದರೆ. ಅಕ್ಷರಗಳನ್ನು ಆಕೃತಿಗಳಾಗಿ ಪರಿವರ್ತಿಸಿ, ಒಂದು ತಲೆಕಟ್ಟನ್ನು ಮುಂದಿನ ಅಕ್ಷರಕ್ಕೆ ಬೆಸೆಯುವುದೋ ದೀರ್ಘವನ್ನು ಎಳೆಯುವುದೋ ಏನಾದರೂ ನಿಮ್ಮದೇ ಆದ ಬದಲಾವಣೆ ಮಾಡಿ. ಆ ಆಕೃತಿಯನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಬಹುದು. ಫಾಂಟ್ ಮಾತ್ರ ಎಲ್ಲರದಾಗಿಯೇ ಉಳಿಯುತ್ತದೆ.

## ಜೋಡಿ, ಅಂತರ, ಬಣ್ಣ

ಶೀರ್ಷಿಕೆಗೆ ಬಾಲೂ ತಮ್ಮ ಹಾಕಿದ್ದೇನೆ. ಕೆಳಗಿನ ಪಠ್ಯಕ್ಕೆ ಯಾವ ಫಾಂಟ್ ಹಾಕಲಿ?

ಮೈಕಟ್ಟಿನಲ್ಲಿ ಸ್ಪಷ್ಟವಾಗಿ ಬೇರೆಯಾದದ್ದು. ಇನ್ನೊಂದು ದುಂಡು ಫಾಂಟನ್ನು ಜೊತೆಗಿಟ್ಟರೆ ಎರಡೂ ಸಪ್ಪೆಯಾಗುತ್ತವೆ. ಪರದೆಗೆ ನೋಟೊ ಸ್ಯಾನ್ಸ್ ಕನ್ನಡ ಸುರಕ್ಷಿತ ಆಯ್ಕೆ. ಪುಸ್ತಕದಂತಹ ಮುದ್ರಣಕ್ಕೆ ಟೀರೊ ಕನ್ನಡ. ಅದರ ದಪ್ಪ–ತೆಳು ಗೆರೆಗಳು ಬಾಲೂವಿನ ಏಕರೂಪದ ದಪ್ಪಕ್ಕೆ ಒಳ್ಳೆಯ ಎದುರಾಳಿ. ಏಕ್ ಟೈಪ್‌ನವರದೇ ‘ಅನೇಕ್ ಕನ್ನಡ’ ಕೂಡ ಇದೆ. ತೂಕವನ್ನಲ್ಲದೆ ಅಗಲವನ್ನೂ ಬದಲಾಯಿಸಬಲ್ಲ ಫಾಂಟ್ ಅದು, ಜಾಗ ಇಕ್ಕಟ್ಟಾಗಿರುವ ಕಡೆ ಉಪಯೋಗಕ್ಕೆ ಬರುತ್ತದೆ. ಒಂದು ಪುಟಕ್ಕೆ ಎರಡು ಫಾಂಟ್ ಸಾಕು.

ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆ. ಏನು ಮಾಡಲಿ?

ಕನ್ನಡ ಶೀರ್ಷಿಕೆಯ ಅತಿ ದೊಡ್ಡ ತಲೆನೋವು ಇದು. ಇಂಗ್ಲಿಷ್ ವಿನ್ಯಾಸದಿಂದ ಬಂದವರು ದೊಡ್ಡ ಅಕ್ಷರಕ್ಕೆ ಸಾಲಿನ ಅಂತರ ಬಿಗಿ ಮಾಡುತ್ತಾರೆ, ಗಾತ್ರದ ಒಂದೂ ಕಾಲು ಪಟ್ಟಿಗಿಂತಲೂ ಕಡಿಮೆಗೆ ಇಳಿಸುತ್ತಾರೆ. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ‘ರಾಷ್ಟ್ರ’, ‘ವೈಶಿಷ್ಟ್ಯ’ದಲ್ಲಿ ಒತ್ತಿನ ಪಕ್ಕ ಇನ್ನೊಂದು ಒತ್ತು ಸೇರುತ್ತದೆ. ಕೆಳಗಿನ ಸಾಲಿನಿಂದ ಗುಡಿಸು, ಏತ್ವ, ಓತ್ವಗಳು ಮೇಲಕ್ಕೆ ಏಳುತ್ತವೆ. ಎರಡೂ ಒಂದೇ ನೇರದಲ್ಲಿ ಬಂದರೆ ಡಿಕ್ಕಿ ಖಚಿತ. ಅಕ್ಷರ ದಪ್ಪವಾದಷ್ಟೂ ಒತ್ತೂ ದಪ್ಪ.

ಮೊದಲು ಸಾಲನ್ನು ಬೇರೆ ಕಡೆ ಮುರಿದು ನೋಡಿ. ‘ಸ್ತ್ರೀ’ಯನ್ನು ಮೇಲಿನ ಸಾಲಿನಿಂದ ಕೆಳಗೆ ಇಳಿಸಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ, ಏಕೆಂದರೆ ಕೊನೆಯ ಸಾಲಿನ ಒತ್ತು ಯಾರಿಗೂ ತಾಗುವುದಿಲ್ಲ. ಅದಾಗದಿದ್ದರೆ ಸಾಲಿನ ಅಂತರವನ್ನು ಒಂದೂವರೆ ಪಟ್ಟಿನ ಆಸುಪಾಸಿಗೆ ತನ್ನಿ.

ಅರ್ಕಾವತ್ತು ಕೂಡ ಇಲ್ಲಿ ನೆರವಿಗೆ ಬರುತ್ತದೆ. ‘ಸೂರ್ಯ’ವನ್ನು ಅರ್ಕಾವತ್ತಿನಲ್ಲಿ ಬರೆದರೆ ಅದು ಯಕಾರದ ಬಲಕ್ಕೆ ಕೂರುತ್ತದೆ, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. ‘ಸೂರ‍್ಯ’ ಎಂದು ರಕಾರಕ್ಕೆ ಯ ಒತ್ತು ಕೊಟ್ಟರೆ ಇಳಿಯುತ್ತದೆ. ಎರಡೂ ರೂಪಗಳು ಮುದ್ರಣದಲ್ಲಿ ಬಳಕೆಯಲ್ಲಿರುವುದರಿಂದ ಶೀರ್ಷಿಕೆಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳಬಹುದು. ಆದರೆ ಒಂದು ಪುಸ್ತಕದಲ್ಲಿ ಎರಡನ್ನೂ ಬೆರೆಸಬೇಡಿ.

ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ಚೆನ್ನಾಗಿ ಕಾಣುವುದಿಲ್ಲವೇ?

ತುಸು ಹೆಚ್ಚಿಸಿದರೆ ಪರವಾಗಿಲ್ಲ. ಅತಿಯಾದರೆ ದೀರ್ಘವೂ ಅರ್ಕಾವತ್ತೂ ತಮ್ಮ ಅಕ್ಷರದಿಂದ ಬೇರ್ಪಟ್ಟು ಅನಾಥವಾಗಿ ನಿಲ್ಲುತ್ತವೆ. ‘ಕೋ’ದ ಕೊನೆಯ ದೀರ್ಘ ಮುಂದಿನ ಅಕ್ಷರಕ್ಕೆ ಸೇರಿದಂತೆ ಕಂಡರೆ ಮಿತಿ ದಾಟಿದ್ದೀರಿ ಎಂದರ್ಥ.

ಔಟ್‌ಲೈನ್, ನೆರಳು, ಗ್ರೇಡಿಯಂಟ್ ಹಾಕಿದರೆ ಆಕರ್ಷಕವಾಗುತ್ತದೆ ಅಲ್ಲವೇ?

ದಪ್ಪ ಅಕ್ಷರ ಈಗಾಗಲೇ ಕೂಗುತ್ತಿದೆ, ಅದರ ಕೈಗೆ ಧ್ವನಿವರ್ಧಕ ಏಕೆ? ಹಿನ್ನೆಲೆಯ ಚಿತ್ರ ಗಜಿಬಿಜಿಯಾಗಿದ್ದು ಔಟ್‌ಲೈನ್ ಬೇಕೇ ಬೇಕೆಂದರೆ ಅದು ಅಕ್ಷರದ ಹೊರಮೈಯಲ್ಲಿ, ಅಕ್ಷರದ ಹಿಂದೆ ಇರಲಿ. ಸಾಮಾನ್ಯವಾಗಿ ಔಟ್‌ಲೈನ್ ಗೆರೆಯ ಅಂಚಿನ ಎರಡೂ ಬದಿಗೆ ಸಮನಾಗಿ ಹರಡುತ್ತದೆ, ಒಳಬದಿಯ ಅರ್ಧ ‘ಠ’ದ ಚುಕ್ಕೆಯಂತಹ ಸಣ್ಣ ಭಾಗಗಳನ್ನು ನುಂಗುತ್ತದೆ. ವೇರಿಯಬಲ್ ಫಾಂಟ್ (ಎಲ್ಲ ತೂಕಗಳೂ ಒಂದೇ ಫೈಲಿನಲ್ಲಿರುವಂಥದ್ದು) ಬಳಸುತ್ತಿದ್ದರೆ ಇನ್ನೊಂದು ಕಾಟ ಕಾಣಬಹುದು: ಗೆರೆಗಳು ಒಂದರ ಮೇಲೊಂದು ಹಾಯುವ ಕಡೆ ಔಟ್‌ಲೈನ್ ಅಕ್ಷರದ ಒಳಗೂ ಮೂಡುತ್ತದೆ. ಅಂತಹ ಫಾಂಟ್‌ಗಳಲ್ಲಿ ಅಕ್ಷರದ ತುಂಡುಗಳನ್ನು ಬೆಸೆಯದೆ ಹಾಗೆಯೇ ಇಟ್ಟಿರುವುದು ಇದಕ್ಕೆ ಕಾರಣ. ಅಕ್ಷರವನ್ನು ಆಕೃತಿಯಾಗಿ ಪರಿವರ್ತಿಸಿ ತುಂಡುಗಳನ್ನು ಒಂದಾಗಿಸಿ, ಅಥವಾ ಬಿಡಿ ತೂಕದ ಫೈಲನ್ನು ಬಳಸಿ.

ದಪ್ಪ ಅಕ್ಷರವಾದ್ದರಿಂದ ತಿಳಿ ಬಣ್ಣ ಹಾಕಿದರೂ ನಡೆಯುತ್ತದೆಯೇ?

ಸ್ವಲ್ಪ ಮಟ್ಟಿಗೆ. ಜಾಲತಾಣಗಳ ಸುಲಭಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಸಾಮಾನ್ಯ ಪಠ್ಯಕ್ಕೆ ಹಿನ್ನೆಲೆಯೊಡನೆ ಕನಿಷ್ಠ 4.5:1 ವರ್ಣವ್ಯತ್ಯಾಸ ಕೇಳುತ್ತದೆ. 18 ಪಾಯಿಂಟಿನ ಅಥವಾ ಬೋಲ್ಡ್ ಆಗಿದ್ದರೆ 14 ಪಾಯಿಂಟಿನ ಪಠ್ಯಕ್ಕೆ 3:1 ಸಾಕು ಎನ್ನುತ್ತದೆ. ಹಳದಿಯ ಮೇಲೆ ಬಿಳಿ ಈ ಸಡಿಲ ಮಿತಿಯನ್ನೂ ದಾಟುವುದಿಲ್ಲ.

ಒಂದೇ ಶೀರ್ಷಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬರಬೇಕು. ಇಂಗ್ಲಿಷ್ ಎದ್ದು ಕಾಣುತ್ತದೆ. ಸರಿಮಾಡುವುದು ಹೇಗೆ?

ಇಂಗ್ಲಿಷ್ ಪದವನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದಿದ್ದೀರಾ ನೋಡಿ. ಸಾಮಾನ್ಯವಾಗಿ ಅದೇ ಕಾರಣ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ, ಹಾಗಾಗಿ ದೊಡ್ಡಕ್ಷರದ ಪದ ಪಕ್ಕದಲ್ಲಿ ಗೋಡೆಯಂತೆ ಎದ್ದು ನಿಲ್ಲುತ್ತದೆ. ಮೊದಲಕ್ಷರ ಮಾತ್ರ ದೊಡ್ಡದಿರಲಿ. ಆಗಲೂ ಸಾಲದಿದ್ದರೆ ಇಂಗ್ಲಿಷಿನ ಗಾತ್ರವನ್ನು ತುಸು ತಗ್ಗಿಸಿ, ಅಥವಾ ಅದಕ್ಕೆ ಒಂದು ಮೆಟ್ಟಿಲು ಕಡಿಮೆ ತೂಕ ಕೊಡಿ. ಎರಡೂ ಲಿಪಿಗಳನ್ನು ಒಂದೇ ಫಾಂಟಿನಿಂದ ತೆಗೆದುಕೊಳ್ಳಿ. ಬೇರೆ ಇಂಗ್ಲಿಷ್ ಫಾಂಟ್ ತಂದು ಹೊಂದಿಸುವ ಶ್ರಮವನ್ನು ಬಾಲೂ ಮಾಡಿದವರು ನಿಮ್ಮ ಪರವಾಗಿ ಆಗಲೇ ಪಟ್ಟಿದ್ದಾರೆ.

## ತಾಂತ್ರಿಕ ತೊಡಕುಗಳು

ನುಡಿಯಲ್ಲಿ ಟೈಪ್ ಮಾಡಿದ ಪಠ್ಯಕ್ಕೆ ಬಾಲೂ ತಮ್ಮ ಹಾಕಿದರೆ ಇಂಗ್ಲಿಷ್ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಬರುತ್ತವೆ. ಫಾಂಟ್ ಹಾಳಾಗಿದೆಯೇ?

ಫಾಂಟ್ ಸರಿಯಾಗಿಯೇ ಇದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಕಂಪ್ಯೂಟರಿಗೆ ಗೊತ್ತಿರುವುದು ಇಂಗ್ಲಿಷ್ ಸಂಕೇತಗಳು ಮಾತ್ರ. ಅವುಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿರುತ್ತಾರೆ. ಬಾಲೂ ತಮ್ಮ ಯುನಿಕೋಡ್ ಫಾಂಟ್, ಅಂದರೆ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತಗಳಿರುವ ಬಗೆಯದು. ಅದು ಆ ಸಂಕೇತಗಳನ್ನು ಇದ್ದಂತೆಯೇ ಇಂಗ್ಲಿಷ್ ಎಂದು ಓದುತ್ತದೆ. ಪಠ್ಯವನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ಬದಲಾಯಿಸಿ, ನಂತರ ಫಾಂಟ್ ಹಾಕಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಉದ್ಧರಣ ಚಿಹ್ನೆ, ಅಂಕಿಗಳನ್ನು ಒಮ್ಮೆ ಕಣ್ಣಾರೆ ನೋಡಬೇಕು; ತಪ್ಪುಗಳು ನುಸುಳುವುದು ಅಲ್ಲೇ.

ಫೋಟೊಶಾಪ್, ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಒಡೆದು ‘ಕ್‌ಷ’ ಎಂಬಂತೆ ಕಾಣುತ್ತದೆ. ವರ್ಡ್‌ನಲ್ಲಿ ಸರಿಯಾಗಿದೆ. ಏಕೆ?

ಕನ್ನಡದ ಅಕ್ಷರಗಳನ್ನು ಜೋಡಿಸಿ ಒತ್ತು ಕೂರಿಸುವುದು ಫಾಂಟ್ ಒಂದರ ಕೆಲಸವಲ್ಲ. ಫಾಂಟಿನೊಳಗಿನ ನಿಯಮಗಳನ್ನು ಓದಿ ಜಾರಿಗೆ ತರುವ ಭಾಗ ತಂತ್ರಾಂಶದಲ್ಲಿ ಇರಬೇಕು. ಅಡೋಬಿಯ ತಂತ್ರಾಂಶಗಳಲ್ಲಿ ಆ ಭಾಗ ಇದೆ, ಆದರೆ ಹಲವು ಆವೃತ್ತಿಗಳಲ್ಲಿ ಅದನ್ನು ನಾವೇ ಆರಿಸಬೇಕು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಫೋಟೊಶಾಪ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾ ಅಥವಾ ವರ್ಲ್ಡ್-ರೆಡಿ ಆಯ್ಕೆಯನ್ನು ಹಾಕಿ. ಇಲಸ್ಟ್ರೇಟರ್‌ನಲ್ಲಿ ಅದೇ ಜಾಗದಲ್ಲಿ ‘ಇಂಡಿಕ್ ಆಪ್ಷನ್ಸ್’ ತೋರಿಸುವ ಆಯ್ಕೆ ಇದೆ. ಹಳೆಯ ಕಡತದಲ್ಲಿನ ಪಠ್ಯ ಹಳೆಯ ಜೋಡಣೆಯಲ್ಲೇ ಉಳಿದಿರಬಹುದು. ಹೊಸ ಪಠ್ಯಚೌಕ ಮಾಡಿ ಅಲ್ಲಿಗೆ ನಕಲಿಸಿದರೆ ಸರಿಹೋಗುತ್ತದೆ.

ಜಾಲತಾಣದಲ್ಲಿ ಶೀರ್ಷಿಕೆ ಊದಿಕೊಂಡಂತೆ ಕಾಣುತ್ತದೆ, ಅಕ್ಷರದ ಒಳಗೆಲ್ಲ ಮುಚ್ಚಿಹೋಗಿದೆ. ಕಾರಣವೇನು?

ನೀವು ಹಳೆಯ ಬಾಲೂ ತಮ್ಮ ಬಳಸುತ್ತಿರಬೇಕು. ಅದು ನೋಡಲು ದಪ್ಪವಾದರೂ ಕಡತದಲ್ಲಿ ಅದರ ತೂಕ ‘ರೆಗ್ಯುಲರ್’, ಅಂದರೆ 400. ಜಾಲಪುಟದಲ್ಲಿ ಶೀರ್ಷಿಕೆಯ ಟ್ಯಾಗ್ ಹಾಕಿದ ಕೂಡಲೇ ಬ್ರೌಸರ್ ತಾನಾಗಿಯೇ 700ರ ಬೋಲ್ಡ್ ಕೇಳುತ್ತದೆ. ಅಂತಹ ತೂಕ ಇಲ್ಲವೆಂದು ಗೊತ್ತಾದಾಗ ಇರುವ ಅಕ್ಷರಕ್ಕೇ ಕೃತಕವಾಗಿ ದಪ್ಪ ಬಳಿಯುತ್ತದೆ. ದಪ್ಪದ ಮೇಲೆ ದಪ್ಪ ಬಿದ್ದು ಚುಕ್ಕೆ, ಸೀಳು ಎಲ್ಲ ಮಾಯ. ಶೀರ್ಷಿಕೆಯ ಶೈಲಿಯಲ್ಲಿ ಫಾಂಟ್ ತೂಕವನ್ನು 400 ಎಂದು ನಮೂದಿಸಿದರೆ ಅಲ್ಲಿಗೆ ಸರಿಯಾಗುತ್ತದೆ.

ಬಾಲೂ ತಮ್ಮ 2ರಲ್ಲಿ ತೂಕ 400ರಿಂದ 800ರವರೆಗೆ ಇದೆ. ಅಲ್ಲಿಯೂ 900 ಎಂದು ಕೇಳಬೇಡಿ. ಬೋಲ್ಡ್ ಕೇಳಿದ್ದರೆ ಬೋಲ್ಡ್ ಫೈಲನ್ನೂ ಸೇರಿಸಿದ್ದೀರಾ ಎಂದು ನೋಡಿಕೊಳ್ಳಿ.

ಬಟನ್ ಒಳಗೆ ಪದ ನಡುವೆ ಕೂರದೆ ಮೇಲಕ್ಕೆ ಸರಿದಂತೆ ಕಾಣುತ್ತದೆ. ಇದು ಫಾಂಟಿನ ತಪ್ಪೇ?

ಒತ್ತಿಗಾಗಿ ಕೆಳಗೆ ಜಾಗ ಬಿಟ್ಟಿರುತ್ತಾರೆ. ‘ಮುಂದೆ’, ‘ಸರಿ’ ಮುಂತಾದ ಪದಗಳಲ್ಲಿ ಒತ್ತೇ ಇಲ್ಲದ್ದರಿಂದ ಆ ಜಾಗ ಖಾಲಿ ಉಳಿದು ಪದ ಮೇಲೆದ್ದಂತೆ ಕಾಣುತ್ತದೆ. ಬಟನ್ನಿನ ಮೇಲಂಚಿನ ಒಳಜಾಗವನ್ನು ಒಂದೆರಡು ಪಿಕ್ಸೆಲ್ ಹೆಚ್ಚಿಸಿ. ಹಾಗೆ ಮಾಡಿದ ಮೇಲೆ ‘ಒಪ್ಪಿಗೆ’, ‘ಪ್ರಾರಂಭಿಸಿ’ ಎಂಬಂತಹ ಪದಗಳನ್ನೂ ಅದೇ ಬಟನ್ನಿನಲ್ಲಿ ಹಾಕಿ ಒತ್ತು ಅಂಚಿಗೆ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಫಾಂಟ್ ಫೈಲಿನಿಂದಾಗಿ ಪುಟ ನಿಧಾನವಾಗುತ್ತಿದೆ. ಬೇಡದ ಅಕ್ಷರಗಳನ್ನು ಕಿತ್ತುಹಾಕಬಹುದೇ?

ಕಿತ್ತುಹಾಕಬಹುದು, ಎಚ್ಚರದಿಂದ. ಮೊದಲು ಫೈಲನ್ನು ಜಾಲತಾಣಗಳಿಗೆಂದೇ ಇರುವ, ಕುಗ್ಗಿಸಿದ ‘ವಾಫ್ 2’ ರೂಪಕ್ಕೆ ತನ್ನಿ, ಅಷ್ಟರಿಂದಲೇ ಗಾತ್ರ ಸಾಕಷ್ಟು ಇಳಿಯುತ್ತದೆ. ಆಮೇಲೆ ನಿಮಗೆ ಬೇಕಾದ ತೂಕಗಳನ್ನು ಮಾತ್ರ ಇಟ್ಟುಕೊಳ್ಳಿ. ಶೀರ್ಷಿಕೆಗೆ ಒಂದು ಸಾಕು. ಅಕ್ಷರಗಳನ್ನು ಕೀಳುವ ಉಪಕರಣ ಬಳಸುವುದಾದರೆ ಅದಕ್ಕೆ ಯುನಿಕೋಡ್ ಸಂಕೇತಗಳ ಪಟ್ಟಿ ಕೊಡಿ, ಜೋಡಣೆಯ ನಿಯಮಗಳನ್ನು ಉಳಿಸುವ ಆಯ್ಕೆಯನ್ನು ತೆಗೆಯಬೇಡಿ. ಒತ್ತಕ್ಷರಗಳಿಗೆ ಸ್ವಂತ ಸಂಕೇತವಿಲ್ಲ, ಅವು ನಿಯಮಗಳ ಮೂಲಕವೇ ಹುಟ್ಟುತ್ತವೆ. ಕಣ್ಣಿಗೆ ಕಾಣದ ಎರಡು ಸಂಕೇತಗಳನ್ನೂ ಪಟ್ಟಿಗೆ ಸೇರಿಸಿ: ‘ಸೂರ‍್ಯ’ ಎಂದು ಬರೆಯಲು ಬೇಕಾಗುವ ಶೂನ್ಯ ಅಗಲದ ಜೋಡಕ, ‘ಫಾಂಟ್‌ಗಳು’ ಎಂಬಲ್ಲಿ ಟಕಾರವನ್ನೂ ಗಕಾರವನ್ನೂ ಬೇರೆಯಾಗಿಡುವ ಶೂನ್ಯ ಅಗಲದ ಬೇರ್ಪಡಕ.

ಬೋರ್ಡಿಗೆ ಅಕ್ರಿಲಿಕ್, ವಿನೈಲ್‌ನಲ್ಲಿ ಅಕ್ಷರ ಕತ್ತರಿಸಬೇಕು. ಈ ಫಾಂಟ್ ಆಗುತ್ತದೆಯೇ?

ಈ ಕೆಲಸಕ್ಕೆ ದಪ್ಪ ದುಂಡು ಅಕ್ಷರ ಬಹಳ ಒಳ್ಳೆಯದು. ಕತ್ತರಿಸುವ ಯಂತ್ರದ ತಿರುಗುವ ಮೊನೆಗೆ ಚೂಪಾದ ಒಳಮೂಲೆ ತೆಗೆಯಲು ಆಗುವುದಿಲ್ಲ, ದುಂಡು ತಿರುವು ಸಲೀಸು. ಗೆರೆ ಅಗಲವಾಗಿರುವುದರಿಂದ ಒಳಗೆ ದೀಪ ಕೂರಿಸಲು ಜಾಗ ಸಿಗುತ್ತದೆ, ವಿನೈಲ್ ಮೂಲೆಗಳು ಬೇಗ ಏಳುವುದಿಲ್ಲ.

ತೊಂದರೆ ಕೊಡುವುದು ಬಿಡಿ ತುಂಡುಗಳು. ‘ಠ’ದ ಚುಕ್ಕೆ, ‘ಥ’ದ ಚುಕ್ಕೆ, ಕೆಲವು ಒತ್ತುಗಳು ಮೂಲ ಅಕ್ಷರಕ್ಕೆ ಅಂಟಿಕೊಂಡಿರುವುದಿಲ್ಲ. ಅಕ್ರಿಲಿಕ್‌ನಲ್ಲಿ ಅವನ್ನು ಬೇರೆಯಾಗಿ ಅಂಟಿಸಬೇಕು, ಬಿದ್ದುಹೋದರೆ ಮಠ ಮರವಾಗುತ್ತದೆ. ಹಿಂದೆ ಒಂದು ಹಲಗೆ ಕೊಟ್ಟು ಎಲ್ಲವನ್ನೂ ಅದರ ಮೇಲೆ ಕೂರಿಸುವುದು ಸುರಕ್ಷಿತ. ಬಣ್ಣ ಸಿಂಪಡಿಸುವ ತೂತುಹಲಗೆ ಮಾಡುವಾಗ ಇದು ಇನ್ನಷ್ಟು ಬಿಗಡಾಯಿಸುತ್ತದೆ, ಏಕೆಂದರೆ ಅಕ್ಷರದ ಹೊಟ್ಟೆಯ ಬಿಳಿ ಜಾಗವೇ ಕಳಚಿ ಬೀಳುತ್ತದೆ; ಅದನ್ನು ಹಿಡಿದಿಡಲು ಸಣ್ಣ ಸೇತುವೆಗಳನ್ನು ಕೈಯಿಂದ ಸೇರಿಸಬೇಕು. ಕಡತ ಕಳುಹಿಸುವಾಗ ಅಕ್ಷರಗಳನ್ನು ಕರ್ವ್‌ಗೆ (ಆಕೃತಿಗಳಿಗೆ) ಬದಲಾಯಿಸಿ ಕಳುಹಿಸಿ. ಕತ್ತರಿಸುವವರ ಕಂಪ್ಯೂಟರಿನಲ್ಲಿ ಈ ಫಾಂಟ್ ಇರುತ್ತದೆಂದು ನಂಬಬೇಡಿ.

ನನಗೆ ಒಂದು ಅಕ್ಷರದ ಆಕಾರ ಇಷ್ಟವಾಗಿಲ್ಲ. ಫಾಂಟನ್ನೇ ತಿದ್ದಿ ನನ್ನದೇ ಆವೃತ್ತಿ ಹಂಚಬಹುದೇ?

ತಿದ್ದಲು ಲೈಸೆನ್ಸ್ ಅನುಮತಿ ಕೊಡುತ್ತದೆ. ಹಂಚುವುದಾದರೆ ಅದೇ ಲೈಸೆನ್ಸಿನ ಅಡಿಯಲ್ಲೇ ಹಂಚಬೇಕು, ಮೂಲದ ಹಕ್ಕುಸ್ವಾಮ್ಯದ ಸಾಲುಗಳನ್ನು ಉಳಿಸಬೇಕು. ಫೈಲಿನ ಜೊತೆಗಿರುವ ಲೈಸೆನ್ಸ್ ಪಠ್ಯದಲ್ಲಿ ‘ಕಾಯ್ದಿರಿಸಿದ ಹೆಸರು’ ಎಂದು ಏನಾದರೂ ನಮೂದಾಗಿದ್ದರೆ ಆ ಹೆಸರನ್ನು ನಿಮ್ಮ ಆವೃತ್ತಿಗೆ ಇಡುವಂತಿಲ್ಲ. ನಮೂದಾಗಿಲ್ಲದಿದ್ದರೂ ಬೇರೆ ಹೆಸರಿಡುವುದೇ ಮೇಲು: ಒಂದೇ ಹೆಸರಿನ, ಆಕಾರ ಬೇರೆಯಾದ ಎರಡು ಫಾಂಟ್‌ಗಳು ಒಂದು ಕಂಪ್ಯೂಟರಿನಲ್ಲಿ ಸೇರಿದರೆ ಯಾವ ಪುಟದಲ್ಲಿ ಯಾವುದು ಅಚ್ಚಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಲೋಗೊ ಒಂದರಲ್ಲಿ ಒಂದು ಅಕ್ಷರ ಬದಲಾಗಬೇಕು ಎಂಬಷ್ಟಕ್ಕೆ ಫಾಂಟನ್ನು ತೆರೆಯುವ ಅಗತ್ಯವೇ ಇಲ್ಲ. ಆ ಪದವನ್ನು ಆಕೃತಿ ಮಾಡಿಕೊಂಡು ಅಲ್ಲೇ ತಿದ್ದಿ.